ಬ್ಯಾಂಕಾಕ್‌ನ ಆ 4-0: ಪ್ರೀ-ಸೀಸನ್ ಹನ್ನೊಂದನ್ನು ಎಷ್ಟು ನಂಬಬೇಕು?

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)



ಜುಲೈ ಬಂತು ಅಂದ್ರೆ ನನ್ನ ಇನ್‌ಬಾಕ್ಸ್‌ಗೆ ಒಂದೇ ಥರದ ಮೆಸೇಜ್ ಶುರು. "ಬ್ರೋ, ನಿನ್ನೆ ನಮ್ಮ ಟೀಮ್ ಆಡಿದ್ದು ನೋಡಿದ್ರಾ? ಈ ಹನ್ನೊಂದೇ ಫಿಕ್ಸ್ ಅಲ್ವಾ?" ಅಥವಾ ಇದರ ಉಲ್ಟಾ: "ಆ ಡಿಫೆಂಡರ್‌ನ ಮೊದಲು ಮಾರಿಬಿಡಲಿ." ಒಂದೇ ಒಂದು ಫ್ರೆಂಡ್ಲಿ ಮ್ಯಾಚ್, ಅದರಲ್ಲೂ ನಲವತ್ತೈದು ನಿಮಿಷ. ಅಷ್ಟರಲ್ಲಿ ತೀರ್ಪು ರೆಡಿ.

ನಿಮ್ಮನ್ನು ಬೈಯೋ ಹಕ್ಕು ನಂಗಿಲ್ಲ. ಯಾಕಂದ್ರೆ ಈ ತಪ್ಪನ್ನು ನಾನೇ ಮೈಕ್ ಮುಂದೆ ಕೂತು ಮಾಡಿದ್ದೀನಿ. ಇವತ್ತು ಆ ಕಥೆ ಹೇಳ್ತೀನಿ. ಹಾಗೇ ಪ್ರೀ-ಸೀಸನ್ ಲೈನಪ್‌ನ ಹೇಗೆ ನೋಡಬೇಕು ಅನ್ನೋದನ್ನೂ.

ಆ ಮಂಗಳವಾರ ಸಂಜೆ

2022ರ ಜುಲೈ 12. ಬ್ಯಾಂಕಾಕ್‌ನ ರಾಜಮಂಗಲ ಸ್ಟೇಡಿಯಂ. ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಎರಿಕ್ ಟೆನ್ ಹಾಗ್ ಕೋಚ್ ಆಗಿ ಬಂದ ಮೇಲೆ ಮೊದಲ ಮ್ಯಾಚ್. ಎದುರಾಳಿ ಯಾರು? ಲಿವರ್‌ಪೂಲ್. ಅದರ ಹಿಂದಿನ ಸೀಸನ್ನಲ್ಲಿ ಯುನೈಟೆಡ್‌ಗೆ ಮನೇಲಿ 5-0, ಹೊರಗೆ 4-0 ಬಾರಿಸಿದ್ದ ಅದೇ ಲಿವರ್‌ಪೂಲ್.

ನಾನು ಯುನೈಟೆಡ್ ಫ್ಯಾನ್, ಮುಚ್ಚಿಡೋಕೆ ಏನಿಲ್ಲ. ಆಫೀಸಿಂದ ಸ್ವಲ್ಪ ಬೇಗ ಜಾರಿಕೊಂಡು ಪಿಜಿಗೆ ಬಂದು ಫೋನಲ್ಲಿ ಮ್ಯಾಚ್ ಹಚ್ಚಿದೆ. 12ನೇ ನಿಮಿಷಕ್ಕೆ ಸ್ಯಾಂಚೋ ಗೋಲ್. 30ಕ್ಕೆ ಫ್ರೆಡ್, ಅದೂ ಅಲಿಸನ್ ತಲೆ ಮೇಲಿಂದ ಎತ್ತಿ ಹಾಕಿದ ಚೆಂದದ ಚಿಪ್. 33ಕ್ಕೆ ಮಾರ್ಸಿಯಾಲ್. ಕೊನೆಗೆ ಪೆಲಿಸ್ಟ್ರಿ ಇನ್ನೊಂದು. 4-0.

ಆವತ್ತು ರಾತ್ರಿನೇ ಎಪಿಸೋಡ್ ರೆಕಾರ್ಡ್ ಮಾಡಿದೆ. ಏನು ಹೇಳಿದ್ದೆ ಗೊತ್ತಾ? "ಮ್ಯಾಕ್‌ಟಾಮಿನೇ-ಫ್ರೆಡ್ ಜೋಡಿ ಬಗ್ಗೆ ಇನ್ನು ಯಾರೂ ಮಾತಾಡಬೇಡಿ, ಮಿಡ್‌ಫೀಲ್ಡ್ ಸಮಸ್ಯೆ ಮುಗೀತು. ಮಾರ್ಸಿಯಾಲ್ ವಾಪಸ್ ಬಂದ. ಡಿಫೆನ್ಸ್‌ನಲ್ಲಿ ಕ್ಲೀನ್ ಶೀಟ್." ಹೋಗ್ಲಿ ಬಿಡಿ, ಆ ಎಪಿಸೋಡ್ ಈಗ್ಲೂ ಇದೆ, ಅಳಿಸಿಲ್ಲ.

ಆಮೇಲೇನಾಯ್ತು? ಆಗಸ್ಟ್ 7, ಲೀಗ್‌ನ ಮೊದಲ ಮ್ಯಾಚ್, ಓಲ್ಡ್ ಟ್ರಾಫರ್ಡ್‌ನಲ್ಲಿ ಬ್ರೈಟನ್ ಎದುರು 1-2 ಸೋಲು. ಆ ಮೈದಾನದಲ್ಲಿ ಬ್ರೈಟನ್ ಗೆದ್ದಿದ್ದು ಅದೇ ಮೊದಲು. ಆಗಸ್ಟ್ 13, ಬ್ರೆಂಟ್‌ಫರ್ಡ್ ಎದುರು 0-4. ನಾಲ್ಕೂ ಗೋಲ್ ಮೊದಲ 35 ನಿಮಿಷದಲ್ಲೇ. ಟೇಬಲ್‌ನಲ್ಲಿ ಕಟ್ಟಕಡೆಯ ಸ್ಥಾನ. ಆ ಮ್ಯಾಚಲ್ಲಿ ಬ್ರೆಂಟ್‌ಫರ್ಡ್ ಆಟಗಾರರು ಒಟ್ಟು ಸೇರಿ ನಮ್ಮವರಿಗಿಂತ 13.8 ಕಿ.ಮೀ. ಜಾಸ್ತಿ ಓಡಿದ್ದರು. ಮರುದಿನ ಭಾನುವಾರ ರಜೆ ರದ್ದು ಮಾಡಿ ಅಷ್ಟೇ ದೂರ ಓಡಿಸಿದರು ಅಂತ ಆಗ ಎಲ್ಲಾ ಕಡೆ ಸುದ್ದಿ ಬಂತು.

ಕಾಮೆಂಟಲ್ಲಿ ಒಬ್ಬರು ಬರೆದಿದ್ದರು, "ಬ್ರೋ, ಮಿಡ್‌ಫೀಲ್ಡ್ ಸಮಸ್ಯೆ ಮುಗೀತಾ?" ಏನು ಉತ್ತರ ಕೊಡೋದು?

ಟ್ರಯಲ್ ಬ್ಯಾಲೆನ್ಸ್ ತಾಳೆ ಆದ್ರೆ ಸಾಕಾ?

ನಾನು ಓದಿದ್ದು ಬಿ.ಕಾಂ. ಫಸ್ಟ್ ಇಯರಲ್ಲೇ ಒಂದು ಪಾಠ ಬರುತ್ತೆ. ಟ್ರಯಲ್ ಬ್ಯಾಲೆನ್ಸ್ ಹಾಕ್ತೀರಿ, ಡೆಬಿಟ್ ಒಂದು ಕಡೆ, ಕ್ರೆಡಿಟ್ ಒಂದು ಕಡೆ, ಎರಡೂ ತಾಳೆ ಆಗುತ್ತೆ. ಖುಷಿಯಾಗಿ ಪೆನ್ ಕೆಳಗಿಡ್ತೀರಿ. ಆಗ ಲೆಕ್ಚರರ್ ಕೇಳ್ತಾರೆ: ತಾಳೆ ಆಯ್ತು ಅಂದ್ರೆ ತಪ್ಪಿಲ್ಲ ಅಂತಾನಾ? ಇಲ್ಲ. ಬರೆಯೋಕೇ ಮರೆತುಹೋದ ವ್ಯವಹಾರ ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಕಾಣಲ್ಲ. ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿ ಹಾಕಿದ್ರೂ ಕಾಣಲ್ಲ. ಪರೀಕ್ಷೆಗೆ ಇದನ್ನ ಬಾಯಿಪಾಠ ಮಾಡಿದ್ದೆ. ಬ್ಯಾಂಕಾಕ್ ಮ್ಯಾಚ್ ನೋಡುವಾಗ ಮಾತ್ರ ನೆನಪಾಗಲಿಲ್ಲ.

ಮೊದಲು, ಮುಚ್ಚಿಹೋದ ತಪ್ಪು. ಯುನೈಟೆಡ್ ಆವತ್ತು ಶುರುವಲ್ಲಿ ಇಳಿಸಿದ್ದು ಹೆಚ್ಚುಕಮ್ಮಿ ಪೂರ್ತಿ ಸೀನಿಯರ್ ತಂಡ: ಡೆ ಹೇಯಾ; ಡಾಲೋ, ಲಿಂಡೆಲೋಫ್, ವರಾನ್, ಶಾ; ಮ್ಯಾಕ್‌ಟಾಮಿನೇ, ಫ್ರೆಡ್; ಸ್ಯಾಂಚೋ, ಬ್ರೂನೋ, ರ್‍ಯಾಶ್‌ಫರ್ಡ್; ಮುಂದೆ ಮಾರ್ಸಿಯಾಲ್. ಎದುರಿಗೆ ಕ್ಲಾಪ್ ಒಂದೇ ಮ್ಯಾಚನ್ನು ಮೂರು ತಂಡಕ್ಕೆ ಹಂಚಿದ್ದರು. ಅರ್ಧ ಗಂಟೆ ದಾಟ್ತಿದ್ದಂಗೆ ತಂಡವನ್ನೇ ಬದಲಿಸಿದರು. ಸಲಾ, ಹೊಸದಾಗಿ ಬಂದಿದ್ದ ಡಾರ್ವಿನ್ ನೂನ್ಯೆಸ್ ಮೈದಾನಕ್ಕಿಳಿದಿದ್ದು ಕೊನೇ ಭಾಗದಲ್ಲಿ. ಅಷ್ಟು ಹೊತ್ತಿಗೆ ನಮ್ಮ ಮೊದಲ ಹನ್ನೊಂದು ಸ್ನಾನ ಮುಗಿಸಿ ಕೂತಿತ್ತು. ಅಂದ್ರೆ ನಮ್ಮ ಡಿಫೆನ್ಸ್‌ನ ಓಟೆಗಳನ್ನು ಅವರ ಹೊಸ ಹುಡುಗರ ಅನನುಭವ ಮುಚ್ಚಿಹಾಕ್ತು. 3-0 ಅಂತ ಕಂಡಿದ್ದರಲ್ಲಿ ನಮ್ಮ ಪಾಲೆಷ್ಟು, ಅವರ ಪಾಲೆಷ್ಟು ಅಂತ ನಾನು ಬಿಡಿಸಿ ನೋಡಲೇ ಇಲ್ಲ.

ಎರಡನೇದು, ಲೆಕ್ಕದಲ್ಲಿ ಬರೆಯದೇ ಇದ್ದದ್ದು. ಟೆನ್ ಹಾಗ್ ಆಟದಲ್ಲಿ ಗೋಲ್‌ಕೀಪರ್ ಕಾಲಿಂದಲೇ ಚೆಂಡು ಸಣ್ಣ ಸಣ್ಣ ಪಾಸಲ್ಲಿ ಮುಂದೆ ಬರಬೇಕು. ಹಾಗಾದ್ರೆ ಡೆ ಹೇಯಾ ಮೇಲೆ ಇಬ್ಬರು ಮೂವರು ಮುಗಿಬಿದ್ರೆ ಏನಾಗುತ್ತೆ? ಅದು ಪ್ರಶ್ನೆ. ಲೀಗ್ ಮ್ಯಾಚಲ್ಲಿ ಬೀಳೋಷ್ಟು ಒತ್ತಡ ಆ ಸಂಜೆ ಬೀಳಲೇ ಇಲ್ಲ. ಉತ್ತರ ಬಂದಿದ್ದು ಬ್ರೆಂಟ್‌ಫರ್ಡ್‌ನಲ್ಲಿ: ಡೆ ಹೇಯಾ ಬಾಕ್ಸ್ ಹತ್ತಿರ ನಿಂತಿದ್ದ ಎರಿಕ್ಸನ್‌ಗೆ ಪಾಸ್ ಕೊಟ್ಟ, ಬೆನ್ನ ಹಿಂದಿಂದ ಯೆನ್ಸನ್ ಬಂದು ಕಿತ್ಕೊಂಡ, ಗೋಲ್. ಅದನ್ನ ನೋಡುವಾಗ ನಂಗನ್ನಿಸಿದ್ದು, ಈ ಪೇಪರ್‌ನ ನಾವು ಜುಲೈಯಲ್ಲಿ ಬರೆದೇ ಇರಲಿಲ್ಲ, ಆದ್ರೂ ಪಾಸ್ ಅಂತ ಮಾರ್ಕ್ಸ್ ಕಾರ್ಡ್ ಕೊಟ್ಟಿದ್ದೆ.

ಹೆಸರು ಎಣಿಸಿದ್ರೆ ಏನೂ ಸಿಗಲ್ಲ

ಈಗ ಒಂದು ಮಜಾ ಲೆಕ್ಕ. ಬ್ಯಾಂಕಾಕ್‌ನಲ್ಲಿ ಶುರು ಮಾಡಿದ ಹನ್ನೊಂದು ಜನರಲ್ಲಿ ಬ್ರೈಟನ್ ಎದುರು ಶುರು ಮಾಡಿದವರು 8. ಬ್ರೆಂಟ್‌ಫರ್ಡ್ ಎದುರು 7. ಆಗಸ್ಟ್ 22ಕ್ಕೆ ಓಲ್ಡ್ ಟ್ರಾಫರ್ಡ್‌ನಲ್ಲಿ ಇದೇ ಲಿವರ್‌ಪೂಲ್‌ನ 2-1ರಿಂದ ಸೋಲಿಸಿದ್ವಲ್ಲ, ಆವತ್ತು ಎಷ್ಟು? ಆವತ್ತೂ 7!

ಮಾನ ಹೋದ ದಿನವೂ ಏಳು, ಮಾನ ಉಳಿದ ದಿನವೂ ಏಳು. ಹಾಗಾದ್ರೆ ವ್ಯತ್ಯಾಸ ಎಲ್ಲಿತ್ತು? ಉಳಿದ ನಾಲ್ಕು ಜಾಗದಲ್ಲಿ, ಮತ್ತೆ ಅವು ಒಂದಕ್ಕೊಂದು ಹೊಂದಿಕೊಳ್ಳೋ ರೀತಿಯಲ್ಲಿ.

ಬ್ಯಾಂಕಾಕ್‌ನಲ್ಲಿ ಮಾರ್ಸಿಯಾಲ್ ಮುಂದೆ ನಿಂತು ಡಿಫೆಂಡರ್ ಮೇಲೆ ಓಡ್ತಿದ್ದ. ಮೂರನೇ ಗೋಲ್ ಹುಟ್ಟಿದ್ದೇ ಹಾಗೆ. ಅವನ ಹಿಂದೆ ಸ್ಯಾಂಚೋ, ರ್‍ಯಾಶ್‌ಫರ್ಡ್‌ಗೆ ಜಾಗ ಸಿಗ್ತಿತ್ತು. ಆದ್ರೆ ಸೀಸನ್ ಶುರುವಾಗೋ ಹೊತ್ತಿಗೆ ಅವನಿಗೆ ತೊಡೆಯ ಹ್ಯಾಮ್‌ಸ್ಟ್ರಿಂಗ್ ಗಾಯ. ಬ್ರೈಟನ್ ಎದುರು ಎರಿಕ್ಸನ್‌ನ ಮುಂದೆ ಆಡಿಸಬೇಕಾಯ್ತು. ಬ್ರೆಂಟ್‌ಫರ್ಡ್ ಎದುರು ಎರಿಕ್ಸನ್ ಹಿಂದೆ ಹೋದ, ರೊನಾಲ್ಡೋ ಮುಂದೆ ಬಂದ. ಪ್ರೆಸ್ ಮಾಡೋರು ಯಾರು? ಮುಂದಿನವನು ಓಡದಿದ್ರೆ ಹಿಂದಿನ ಹತ್ತು ಜನ ಓಡಿದ್ದೂ ದಂಡ.

ಆಗಸ್ಟ್ 22ಕ್ಕೆ ಟೆನ್ ಹಾಗ್ ಏನು ಮಾಡಿದರು ನೋಡಿ. ರೊನಾಲ್ಡೋ, ಕ್ಯಾಪ್ಟನ್ ಮಗ್ವೈರ್, ಲ್ಯೂಕ್ ಶಾ ಬೆಂಚಿಗೆ. ವರಾನ್, ಮಲಾಸಿಯಾ ಒಳಗೆ. ಮುಂದೆ ಓಡೋಕೆ ಎಲಾಂಗಾ. ಡೆ ಹೇಯಾಗೆ ಸಣ್ಣ ಪಾಸಿನ ಹಟ ಬಿಟ್ಟು ಉದ್ದಕ್ಕೆ ಒದೆಯೋಕೆ ಬಿಟ್ಟರು. ಹಾಫ್‌ಟೈಮ್‌ಗೆ ಮಾರ್ಸಿಯಾಲ್ ಬಂದ, ರ್‍ಯಾಶ್‌ಫರ್ಡ್ ಗೋಲಿಗೆ ಪಾಸ್ ಕೊಟ್ಟ. ನಾನು ಮುಗೀತು ಅಂದಿದ್ದ ಮಿಡ್‌ಫೀಲ್ಡ್ ಸಮಸ್ಯೆಗೆ ಪರಿಹಾರ ಆವತ್ತು ಸೂಟು ಹಾಕ್ಕೊಂಡು ಮೈದಾನಕ್ಕೆ ಬಂದು ಜನಕ್ಕೆ ಕೈ ಬೀಸ್ತಿತ್ತು. ಹೆಸರು ಕ್ಯಾಸೆಮಿರೋ.

ಅದಕ್ಕೇ ನಾನೀಗ ಪ್ರೀ-ಸೀಸನ್ ಮ್ಯಾಚ್ ನೋಡುವಾಗ ಸ್ಕೋರ್ ಮೂಲೆ ಕಡೆ ಕಣ್ಣು ಹಾಯಿಸಲ್ಲ. ಮೊದಲು, ಎದುರಿಗೆ ಯಾರಿದ್ದಾರೆ, ಎಷ್ಟನೇ ನಿಮಿಷದವರೆಗೆ ಇದ್ದಾರೆ ಅಂತ ಒಂದು ಚೀಟಿಲಿ ಬರ್ಕೋತೀನಿ. ಚೆಂಡು ಕಳ್ಕೊಂಡ ತಕ್ಷಣದ ಐದು ಸೆಕೆಂಡ್ ನೋಡ್ತೀನಿ: ಮುಂದಿನ ಮೂವರು ಒಟ್ಟಿಗೆ ಓಡ್ತಾರಾ, ಇಲ್ಲ ಒಬ್ಬ ಓಡಿ ಇಬ್ಬರು ನಡೀತಾರಾ? ಜುಲೈಯಲ್ಲಿ ಕಾಲು ಭಾರ ಇರುತ್ತೆ, ವೇಗ ಕಮ್ಮಿ ಇರುತ್ತೆ, ಅದಕ್ಕೆ ಮಾಫಿ. ಎಲ್ಲಿಗೆ ಓಡಬೇಕು ಅನ್ನೋದು ಗೊತ್ತಿಲ್ದಿದ್ರೆ ಮಾಫಿ ಇಲ್ಲ. ಆಮೇಲೆ ಜೋಡಿಗಳನ್ನು ನೋಡ್ತೀನಿ: ಇಬ್ಬರು ಸೆಂಟರ್‌ಬ್ಯಾಕ್, ವಿಂಗರ್ ಮತ್ತು ಅವನ ಹಿಂದಿನ ಫುಲ್‌ಬ್ಯಾಕ್. ಕೊನೆಗೆ, ಇವನಿಗೆ ಗಾಯ ಆದ್ರೆ ಆ ಕೆಲಸ ಮಾಡೋಕೆ ಇನ್ನೊಬ್ಬ ಇದ್ದಾನಾ? 2022ರಲ್ಲಿ ಆ ಒಂದು ಪ್ರಶ್ನೆ ಕೇಳಿದ್ರೂ ಸಾಕಿತ್ತು.

ಉಲ್ಟಾ ಉದಾಹರಣೆನೂ ಅದೇ ಬೇಸಿಗೆಯದ್ದು. ಜುಲೈ 30, ಕಮ್ಯುನಿಟಿ ಶೀಲ್ಡ್. ಲಿವರ್‌ಪೂಲ್ 3, ಮ್ಯಾಂಚೆಸ್ಟರ್ ಸಿಟಿ 1. ನೂನ್ಯೆಸ್ ಗೋಲ್ ಹೊಡೆದ, ಸಿಟಿಗೆ ಹೊಸದಾಗಿ ಬಂದಿದ್ದ ಹಾಲಂಡ್ ಕೊನೇ ಗಳಿಗೇಲಿ ಗೋಲ್ ಮುಂದೆನೇ ನಿಂತು ಚೆಂಡನ್ನ ಬಾರ್‌ಗೆ ಬಡಿದ. ಎಷ್ಟು ಮೀಮ್! ಸೀಸನ್ ಮುಗಿದಾಗ ಲೀಗ್‌ನಲ್ಲಿ ನೂನ್ಯೆಸ್‌ಗೆ 9 ಗೋಲ್, ಹಾಲಂಡ್‌ಗೆ 36, ಪ್ರೀಮಿಯರ್ ಲೀಗ್ ದಾಖಲೆ. ಬ್ಯಾಂಕಾಕ್‌ನಲ್ಲಿ ನಾಲ್ಕು ಹೊಡೆದ ಯುನೈಟೆಡ್ ಮಾರ್ಚ್ 5ಕ್ಕೆ ಲಿವರ್‌ಪೂಲ್ ಹತ್ರ ಏಳು ತಿಂತು. ಆದ್ರೂ ಕೊನೆಗೆ 75 ಪಾಯಿಂಟ್‌ ಜೊತೆ ಮೂರನೇ ಸ್ಥಾನ, ಜೊತೆಗೆ ಕಾರಬಾವ್ ಕಪ್. ಲಿವರ್‌ಪೂಲ್ ಐದನೇದು. ಜುಲೈಯಲ್ಲಿ ಇದನ್ನ ಯಾರು ಹೇಳಿದ್ರಪ್ಪ?

ಆ ನಲವತ್ತೈದು ನಿಮಿಷ ಯಾರದು?

ಇಷ್ಟು ಹೇಳಿದ್ಮೇಲೆ "ಹಾಗಾದ್ರೆ ಪ್ರೀ-ಸೀಸನ್ ದಂಡ" ಅಂತ ನೀವು ಅನ್ಬಹುದು. ನಮಗೆ ದಂಡ ಇರಬಹುದು. ಕೆಲವರಿಗೆ ಅದೇ ಜೀವನ.

ಬ್ಯಾಂಕಾಕ್‌ನಲ್ಲಿ ಸೆಕೆಂಡ್ ಹಾಫ್‌ಗೆ ಇಳಿದವರಲ್ಲಿ ಜಿದಾನ್ ಇಕ್ಬಾಲ್ ಅಂತ ಹುಡುಗ ಇದ್ದ. ಮ್ಯಾಂಚೆಸ್ಟರ್‌ನಲ್ಲೇ ಹುಟ್ಟಿದವನು, ಅಪ್ಪ ಪಾಕಿಸ್ತಾನ ಮೂಲ, ಅಮ್ಮ ಇರಾಕ್ ಮೂಲ. ದಕ್ಷಿಣ ಏಷ್ಯಾ ಮೂಲದ ಬ್ರಿಟಿಷ್ ಹುಡುಗರಲ್ಲಿ ಯುನೈಟೆಡ್ ಸೀನಿಯರ್ ತಂಡಕ್ಕೆ ಆಡಿದ ಮೊದಲಿಗ. ಆವತ್ತು ಚೆಂಡು ಅವನ ಕಾಲಿಗೆ ಎಷ್ಟು ಚೆನ್ನಾಗಿ ಕೂರ್ತಿತ್ತು ಅಂದ್ರೆ ಎಲ್ರೂ ಅವನ ಬಗ್ಗೆನೇ ಮಾತು. ಆಮೇಲೆ ಇಡೀ ಸೀಸನ್ ಟೆನ್ ಹಾಗ್ ಕೈಲಿ ಒಂದು ಅಧಿಕೃತ ಮ್ಯಾಚ್ ಕೂಡ ಆಡೋಕೆ ಸಿಗಲಿಲ್ಲ. 2023ರ ಬೇಸಿಗೇಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ಗೆ ಹೋದ. ಚೆನ್ನಾಗಿ ಆಡಿದ ನಲವತ್ತೈದು ನಿಮಿಷವೂ ಸಾಲದೇ ಹೋಗುತ್ತೆ. ಅಂಥದ್ರಲ್ಲಿ ಕೆಟ್ಟದಾಗಿ ಆಡಿದವನ ಗತಿ?

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಫೈನಲ್ ಇಯರಲ್ಲಿ ನಮ್ಮ ಕಾಲೇಜು ಟೀಮ್ ಆರಿಸೋ ಮೂವರಲ್ಲಿ ನಾನೂ ಒಬ್ಬನಾಗಿದ್ದೆ. ಒಂದೇ ಪ್ರಾಕ್ಟೀಸ್ ಮ್ಯಾಚ್ ಇಟ್ಟಿದ್ವಿ. ಎರಡು ಬಸ್ ಬದಲಾಯಿಸಿ ಬಂದ ಫಸ್ಟ್ ಇಯರ್ ಹುಡುಗ, ಎಡಗಾಲಿನವನು. ಲೆಫ್ಟ್‌ಬ್ಯಾಕ್ ಜಾಗಕ್ಕೆ ಆಗಲೇ ಜನ ಇದ್ರು. "ನೀನು ರೈಟಲ್ಲಿ ನಿಲ್ಲಪ್ಪ" ಅಂದೆ. ಅವನ ಕಡೆಯಿಂದ ಎರಡು ಗೋಲ್ ಬಿತ್ತು. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ನಾನೇ "ವೀಕ್" ಅಂತ ಬರೆದೆ. ಒಂದು ತಿಂಗಳಾದ್ಮೇಲೆ ಗೌತಮಪುರದ ಮೈದಾನದ ಹತ್ರ ಹೋಗ್ತಿದ್ದಾಗ ಅದೇ ಹುಡುಗ ಎಡಗಡೆ ಆಡ್ತಿದ್ದ. ಅಲ್ಲೇ ನಿಂತು ಇಪ್ಪತ್ತು ನಿಮಿಷ ನೋಡಿದೆ. ನಾವು ಆರಿಸಿದ್ದ ಇಬ್ಬರು ಲೆಫ್ಟ್‌ಬ್ಯಾಕ್‌ಗಿಂತ ಚೆನ್ನಾಗಿದ್ದ. ಕರೆದು ಮಾತಾಡಿಸೋಕೆ ಮುಖ ಬರಲಿಲ್ಲ. ಅವನು ಮತ್ತೆ ಸೆಲೆಕ್ಷನ್‌ಗೆ ಬರಲೂ ಇಲ್ಲ.

ತಪ್ಪು ಜಾಗದಲ್ಲಿ ನಿಲ್ಲಿಸಿದ್ದು ನಾನು, "ವೀಕ್" ಅಂತ ಬಿದ್ದಿದ್ದು ಅವನ ಹೆಸರಿಗೆ. ಟಿವಿಲಿ ನೋಡೋ ದೊಡ್ಡ ಕ್ಲಬ್ಬಿನ ಆಟಗಾರನಿಗೆ ನನ್ನ ಮಾತು ತಲುಪಲ್ಲ ಬಿಡಿ. ಆದ್ರೆ ನಮ್ಮ ಕಾಲೇಜಲ್ಲಿ, ಏರಿಯಾ ಟೀಮಲ್ಲಿ, ಆಫೀಸ್ ಟೂರ್ನಮೆಂಟಲ್ಲಿ ಪಟ್ಟಿ ಬರೆಯೋರು ನಿಮ್ಮಲ್ಲೂ ಎಷ್ಟೋ ಜನ ಇದ್ದೀರಿ. ಬರೆಯೋಕೆ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಿ: ಇವನನ್ನ ಇವನ ಜಾಗದಲ್ಲಿ ಆಡಿಸಿದ್ವಾ? ಇಲ್ಲ ಅಂದ್ರೆ ಪೆನ್ಸಿಲಲ್ಲಿ ಬರೀರಿ. ಇನ್ನೊಂದು ಮ್ಯಾಚ್ ಕೊಟ್ಟು ನೋಡಿ.

ನಿಮ್ಮ ಟೀಮ್‌ನ ಈ ಸಲದ ಪ್ರೀ-ಸೀಸನ್ ಬಗ್ಗೆ ವಾಯ್ಸ್ ನೋಟ್ ಕಳ್ಸಿ. ಸ್ಕೋರ್ ಬೇಡ, ನೀವು ಗಮನಿಸಿದ ಒಂದು ಜೋಡಿ ಬಗ್ಗೆ ಹೇಳಿ, ಮುಂದಿನ ವಾರ ಹಾಕ್ತೀನಿ. ಮತ್ತೆ ಆ 2022ರ ಎಪಿಸೋಡ್ ಹುಡುಕಿ ಕೇಳಿ ನಗೋರು ನಗಬಹುದು. ಅಲ್ಲಿವರೆಗೂ ಆಡ್ತಾ ಇರಿ, ಸಿಗೋಣ.