ಬ್ರೇಕ್ ನಡುಗಿದರೆ ಕಾಲು ತೆಗೀಬೇಡಿ

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಗಾಡಿ ಓಡಿಸ್ತಾ ಕೇಳ್ತಿದ್ರೆ ಮಾತ್ರ ಕಣ್ಣು ರಸ್ತೆ ಮೇಲಿರಲಿ. ಯಾಕಂದ್ರೆ ಇವತ್ತಿನ ಮಾತು ಬ್ರೇಕ್ ಬಗ್ಗೆ.

ಎರಡು ವರ್ಷದ ಹಿಂದೆ, ಜುಲೈ ತಿಂಗಳು. ಅಪ್ಪನನ್ನು ಕೂರಿಸಿಕೊಂಡು ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೊರಟಿದ್ದೆ. ನಾನು ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಆಗಷ್ಟೇ ಒಂದು ತಿಂಗಳಾಗಿತ್ತು. ಮಲೆನಾಡಿನ ಮಳೆ ಗೊತ್ತಲ್ಲ, ವೈಪರ್ ಎಷ್ಟು ಜೋರಾಗಿ ಆಡಿದ್ರೂ ಸಾಲಲ್ಲ. ಒಂದು ತಿರುವು ದಾಟಿದ ಕೂಡಲೇ ರಸ್ತೆ ನಡುವೆ ಎಮ್ಮೆ. ಬ್ರೇಕ್ ಒತ್ತಿದೆ. ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗಿತು, ಮುಂದಿನಿಂದ ಕರಕರ ಅಂತ ಸದ್ದು ಬಂತು. ಬ್ರೇಕ್ ಮುರೀತು ಅಂದ್ಕೊಂಡು ಗಾಬರಿಯಲ್ಲಿ ಕಾಲು ತೆಗೆದುಬಿಟ್ಟೆ. ಕಾರು ಮತ್ತೆ ಮುಂದಕ್ಕೆ ನುಗ್ಗಿತು. ಅಪ್ಪ ಕೂಗಿಕೊಂಡ್ರು. ಮತ್ತೆ ಒತ್ತಿದೆ. ಎಮ್ಮೆಗೂ ಬಂಪರಿಗೂ ಒಂದು ಗೇಣು ಇರುವಾಗ ಕಾರು ನಿಂತಿತು. ಎಮ್ಮೆ ನಮ್ಮನ್ನು ತಿರುಗಿ ಸಹ ನೋಡಲಿಲ್ಲ.

"ಬಿಟ್ಟು ಬಿಟ್ಟು ಒತ್ತಬೇಕು ಅಂತ ಎಷ್ಟು ಸಲ ಹೇಳಿದೀನೋ ನಿಂಗೆ?" ಅಂದ್ರು ಅಪ್ಪ. ಅವರು ಮೂವತ್ತು ವರ್ಷ ಜೀಪು ಓಡಿಸಿದವರು. ಮರುದಿನ ಮೆಕ್ಯಾನಿಕ್ ಹತ್ರ ಹೋಗಿ ಬ್ರೇಕ್ ಹಾಳಾಗಿದೆ ಅಂದೆ. ಅವರು ನಕ್ಕು, "ಹಾಳಾಗಿದ್ದಲ್ಲ ಸಾರ್, ಅದು ಕೆಲಸ ಮಾಡಿದ್ದು" ಅಂದ್ರು. ಅಂದ್ರೆ ನನ್ನನ್ನು ಉಳಿಸೋಕೆ ಹೊರಟಿದ್ದ ಯಂತ್ರವನ್ನು ನಾನೇ ಅರ್ಧದಲ್ಲಿ ತಡೆದಿದ್ದೆ. ಅವತ್ತಿನಿಂದ ಇದನ್ನ ಸರಿಯಾಗಿ ತಿಳ್ಕೋಬೇಕು ಅಂತ ಹಠ ಬಂತು.

ಮೊದಲು ಎಬಿಎಸ್. ಉರುಳುತ್ತಿರುವ ಟೈರು ರಸ್ತೆಯನ್ನು ಹಿಡಿದುಕೊಳ್ಳುತ್ತೆ. ಬ್ರೇಕ್ ಬಿಗಿಯಾಗಿ ಚಕ್ರ ಪೂರ್ತಿ ನಿಂತುಬಿಟ್ರೆ ಅದು ಉರುಳಲ್ಲ, ಬರೀ ಜಾರುತ್ತೆ. ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಒಮ್ಮೆ ಜಾರಿದರೆ ಆಮೇಲೆ ನಮ್ಮ ಮಾತು ಕೇಳುತ್ತಾ? ಹಾಗೆಯೇ ಇದು. ಮುಂದಿನ ಚಕ್ರ ಜಾರ್ತಾ ಇದ್ರೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರ ಹೋಗುತ್ತೆ.

ಎಬಿಎಸ್ ಇರುವ ಕಾರಿನಲ್ಲಿ ಪ್ರತಿ ಚಕ್ರದ ಬಳಿಯೂ ವೇಗ ಅಳೆಯುವ ಒಂದು ಸೆನ್ಸರ್ ಇರುತ್ತೆ. ಯಾವುದೋ ಒಂದು ಚಕ್ರ ಇದ್ದಕ್ಕಿದ್ದಂತೆ ನಿಲ್ಲುವ ಹಾಗಾದರೆ ಕಂಪ್ಯೂಟರಿಗೆ ಗೊತ್ತಾಗುತ್ತೆ. ಅದು ಆ ಚಕ್ರದ ಬ್ರೇಕ್ ಒತ್ತಡವನ್ನು ಕೊಂಚ ಸಡಿಲಿಸಿ, ಚಕ್ರ ಉರುಳಿದ ಕೂಡಲೇ ಮತ್ತೆ ಬಿಗಿ ಮಾಡುತ್ತೆ. ಒಂದೇ ಸೆಕೆಂಡಿನಲ್ಲಿ ಹೀಗೆ ಹಲವು ಸಲ. ವಾಲ್ವ್ ತೆರೆದು ಮುಚ್ಚಿ, ಪಂಪು ಬ್ರೇಕ್ ಆಯಿಲನ್ನು ವಾಪಸ್ ತಳ್ಳುವುದೇ ನನ್ನ ಕಾಲಿಗೆ ನಡುಕವಾಗಿ ಬಂದದ್ದು.

ಅಪ್ಪನ ಬುದ್ಧಿವಾದ ತಪ್ಪಾಗಿತ್ತಾ? ಇಲ್ಲ. ಅವರ ಜೀಪಿಗೆ ಅದು ಸರಿ. ಅಪ್ಪ ಕಾಲಲ್ಲಿ ಮಾಡ್ತಿದ್ದ ಕೆಲಸವನ್ನೇ ಎಬಿಎಸ್ ಮಾಡುತ್ತೆ, ಅವರಿಗಿಂತ ಬೇಗ, ಅದೂ ಒಂದೊಂದು ಚಕ್ರಕ್ಕೂ ಬೇರೆ ಬೇರೆಯಾಗಿ. ನಾವು ಕಾಲು ತೆಗೆದ್ರೆ ಅದರ ಕೆಲಸ ಕೆಡುತ್ತೆ. ಆದ್ದರಿಂದ ಮೂರೇ ಮಾತು: ಜೋರಾಗಿ ಒತ್ತಿ, ಒತ್ತಿಯೇ ಹಿಡಿಯಿರಿ, ಜಾಗ ಇರುವ ಕಡೆಗೆ ಸ್ಟಿಯರಿಂಗ್ ತಿರುಗಿಸಿ. ಈ ಮೂರನೇದು ಬಹಳ ಮುಖ್ಯ. ಎಬಿಎಸ್ ಇರೋದು ಬೇಗ ನಿಲ್ಲಿಸೋಕೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅದರ ದೊಡ್ಡ ಉಪಕಾರ ಬೇರೆಯೇ: ಬ್ರೇಕ್ ಒತ್ತಿದಾಗಲೂ ಕಾರು ತಿರುಗುತ್ತೆ. ಸಡಿಲ ಜಲ್ಲಿ ರಸ್ತೆಯಲ್ಲಂತೂ ಎಬಿಎಸ್ ಇದ್ರೆ ನಿಲ್ಲೋದಕ್ಕೆ ಇನ್ನೂ ಸ್ವಲ್ಪ ಹೆಚ್ಚೇ ದೂರ ಬೇಕಾಗಬಹುದು.

ಈಗ ಇದರ ತಮ್ಮ, ಇಎಸ್‌ಸಿ. ಕೆಲವು ಕಂಪನಿಯವರು ಇಎಸ್‌ಪಿ ಅಂತಾರೆ, ಕೆಲಸ ಒಂದೇ. ಎಬಿಎಸ್ ನೀವು ಬ್ರೇಕ್ ಒತ್ತಿದಾಗ ಮಾತ್ರ ಏಳುತ್ತೆ. ಇದು ಬ್ರೇಕ್ ಮುಟ್ಟದಿದ್ದರೂ ಎಚ್ಚರ ಇರುತ್ತೆ.

ನಿಮ್ಮ ಕೈಲಿರೋ ಫೋನನ್ನೇ ನೋಡಿ. ಅದು ಎಷ್ಟು ತಿರುಗಿತು ಅಂತ ಅಳೆಯೋ ಪುಟ್ಟ ಗೈರೋಸ್ಕೋಪ್ ಹೆಚ್ಚಿನ ಫೋನುಗಳಲ್ಲಿದೆ. ಅದೇ ಜಾತಿಯ ಸೆನ್ಸರ್ ಕಾರಿನಲ್ಲೂ ಇದೆ. ಸ್ಟಿಯರಿಂಗ್‌ನಲ್ಲಿರುವ ಸೆನ್ಸರ್ 'ಡ್ರೈವರ್ ಎಲ್ಲಿಗೆ ಹೋಗಬೇಕು ಅಂತಿದ್ದಾರೆ' ಅನ್ನೋದನ್ನ ಹೇಳುತ್ತೆ. ಗೈರೋ 'ಕಾರು ನಿಜಕ್ಕೂ ಎಷ್ಟು ತಿರುಗ್ತಿದೆ' ಅಂತ ಹೇಳುತ್ತೆ. ಎರಡೂ ಹೊಂದದಿದ್ರೆ ಕಾರು ಜಾರ್ತಿದೆ ಅಂತ ಅರ್ಥ. ಆಗ ಕಂಪ್ಯೂಟರ್ ಎಂಜಿನ್ ಶಕ್ತಿ ತಗ್ಗಿಸಿ, ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತೆ.

ಒಂದೇ ಚಕ್ರಕ್ಕೆ ಯಾಕೆ? ಎತ್ತಿನ ಗಾಡಿ ನೆನಪಿಸಿಕೊಳ್ಳಿ. ಎಡದ ಎತ್ತನ್ನು ತಡೆದರೆ ಗಾಡಿ ಎಡಕ್ಕೆ ತಿರುಗುತ್ತೆ. ಇಲ್ಲೂ ಅಷ್ಟೇ. ಎಡ ತಿರುವಿನಲ್ಲಿ ಕಾರು ತಿರುಗದೆ ನೇರ ಜಾರ್ತಿದ್ರೆ, ಮುಖ್ಯವಾಗಿ ಎಡಗಡೆ ಹಿಂದಿನ ಚಕ್ರಕ್ಕೆ ಬ್ರೇಕ್ ಬೀಳುತ್ತೆ, ಮೂತಿ ಎಡಕ್ಕೆ ಬರುತ್ತೆ. ಅದೇ ತಿರುವಿನಲ್ಲಿ ಕಾರಿನ ಬಾಲ ಬಲಕ್ಕೆ ಬೀಸಿಕೊಂಡು ಹೋದ್ರೆ, ಬಲಗಡೆ ಮುಂದಿನ ಚಕ್ರಕ್ಕೆ ಬ್ರೇಕ್. ನಾಲ್ಕು ಚಕ್ರಕ್ಕೆ ನಾಲ್ಕು ಪೆಡಲ್ ಕೊಟ್ಟರೂ ಮನುಷ್ಯನ ಕೈಲಿ ಇಷ್ಟು ಬೇಗ ಆಗೋ ಕೆಲಸ ಅಲ್ಲ ಇದು.

ಇದು ಕಾರುಗಳಿಗೆ ಬಂದ ಕಥೆ ಚೆನ್ನಾಗಿದೆ. ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ, ಇಎಸ್‌ಪಿ 1995ರಲ್ಲಿ, ಎರಡೂ ಬಾಷ್ ಮತ್ತು ಮರ್ಸಿಡಿಸ್ ಬೆಂಜ್ ಕೂಡಿ ಮೊದಲು ಎಸ್ ಕ್ಲಾಸ್ ಥರದ ದುಬಾರಿ ಕಾರುಗಳಲ್ಲಿ ತಂದದ್ದು. ಅದು ಶ್ರೀಮಂತರ ಸೌಕರ್ಯವಾಗಿಯೇ ಉಳಿಯುತ್ತಿತ್ತೋ ಏನೋ. ಆದರೆ 1997ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ಒಂದು ಮೋಟಾರು ಪತ್ರಿಕೆ, ಮರ್ಸಿಡಿಸ್‌ನವರ ಹೊಸ ಚಿಕ್ಕ ಕಾರು ಎ ಕ್ಲಾಸನ್ನು ಪರೀಕ್ಷೆಗೆ ಇಳಿಸಿತು. ಅಲ್ಲಿಯ ರಸ್ತೆಗಳಿಗೆ ಮೂಸ್ ಅನ್ನೋ ಪ್ರಾಣಿ ದಿಢೀರ್ ಅಂತ ನುಗ್ಗುತ್ತೆ, ನಮ್ಮ ಕಡವೆಯ ದೊಡ್ಡ ನೆಂಟ. ಅದನ್ನು ತಪ್ಪಿಸೋ ಹಾಗೆ ಸರಕ್ಕನೆ ಒಂದು ಕಡೆಗೆ, ಮತ್ತೆ ವಾಪಸ್ ತಿರುಗಿಸುವ ಪರೀಕ್ಷೆ. ಎ ಕ್ಲಾಸ್ ಪಲ್ಟಿ ಹೊಡೀತು. ದೊಡ್ಡ ಸುದ್ದಿಯಾಯ್ತು. ಕಂಪನಿ ಕಾರು ಕೊಡೋದನ್ನ ಕೆಲಕಾಲ ನಿಲ್ಲಿಸಿ, ಸಸ್ಪೆನ್ಷನ್ ಬದಲಿಸಿ, ಎಲ್ಲಾ ಎ ಕ್ಲಾಸ್‌ಗೂ ಇಎಸ್‌ಪಿ ಹಾಕಿತು. ಹಾಗೆ ದುಬಾರಿ ಕಾರಿನ ರಕ್ಷಣೆ ಚಿಕ್ಕ ಕಾರಿಗೆ ಇಳಿಯಿತು. ಸ್ವೀಡನ್ನಿನವರಿಗೆ ಮೂಸ್, ನನಗೆ ಎಮ್ಮೆ!

ಇನ್ನು ನಮ್ಮ ದೇಶ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಬೈಕಿನವರೇ, 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೂ ಆಗಲೇ ಬಂತು. ಆದರೆ ಎಷ್ಟೋ ಬೈಕಲ್ಲಿ ಮುಂದಿನ ಚಕ್ರಕ್ಕೆ ಮಾತ್ರ ಇರುತ್ತೆ, ಸಿಂಗಲ್ ಚಾನೆಲ್ ಅಂತಾರಲ್ಲ, ಅದು. ಹಿಂದಿನ ಚಕ್ರ ಈಗಲೂ ಜಾರಬಹುದು, ನೆನಪಿರಲಿ. 2023ರಲ್ಲಿ ಭಾರತ್ ಎನ್‌ಸಿಎಪಿ ಶುರುವಾದಾಗ, 3 ಸ್ಟಾರ್ ಅಥವಾ ಅದಕ್ಕಿಂತ ಹೆಚ್ಚು ಬೇಕಿದ್ರೆ ಕಾರಿನಲ್ಲಿ ಇಎಸ್‌ಸಿ ಇರಲೇಬೇಕು ಅನ್ನೋ ನಿಯಮ ಮಾಡಿದ್ರು. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ಸನ್‌ರೂಫ್ ಇದ್ಯಾ ಅಂತ ಕೇಳೋ ಮೊದಲು ಇಎಸ್‌ಸಿ ಇದ್ಯಾ ಅಂತ ಕೇಳಿ.

ಡ್ಯಾಶ್‌ಬೋರ್ಡ್ ಕಡೆಗೂ ಒಂದು ಕಣ್ಣಿರಲಿ. ಕಾರಿನ ಕೆಳಗೆ ಎರಡು ಅಂಕುಡೊಂಕು ಗೆರೆ ಇರುವ ದೀಪ ಇಎಸ್‌ಸಿಯದು. ಓಡಿಸುವಾಗ ಅದು ಮಿನುಗಿದ್ರೆ ಸಿಸ್ಟಮ್ ಕೆಲಸ ಮಾಡ್ತಿದೆ, ರಸ್ತೆ ಜಾರ್ತಿದೆ, ವೇಗ ಇಳಿಸಿ. ಉರಿದೇ ಇದ್ರೆ ಯಾರೋ ಆಫ್ ಮಾಡಿದ್ದಾರೆ, ಇಲ್ಲವೇ ಕೆಟ್ಟಿದೆ. ಎಬಿಎಸ್ ದೀಪ ಆರದೇ ಇದ್ರೆ ನಿಧಾನಕ್ಕೆ ಗ್ಯಾರೇಜಿಗೆ ಹೋಗಿ. ಜೊತೆಗೆ ಕೆಂಪು ಬ್ರೇಕ್ ದೀಪವೂ ಉರೀತಿದ್ರೆ ಅಲ್ಲೇ ಬದಿಗೆ ನಿಲ್ಲಿಸಿ.

ಆದರೆ ಒಂದು ಮಾತು. ಈ ಕಂಪ್ಯೂಟರ್ ಎಷ್ಟೇ ಜಾಣ ಆದ್ರೂ ರಸ್ತೆಯನ್ನು ಮುಟ್ಟಿಕೊಂಡಿರೋದು ನಾಲ್ಕು ಟೈರು, ಒಂದೊಂದರದ್ದೂ ಹೆಚ್ಚುಕಮ್ಮಿ ಅಂಗೈ ಅಗಲದ ಜಾಗ. ಆ ಟೈರು ಸವೆದು ಬೋಳಾಗಿದ್ರೆ ಯಾವ ಸೆನ್ಸರೂ ಹಿಡಿತ ಹುಟ್ಟಿಸಲಾರದು. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲೋ ದೂರ ಸುಮಾರು ನಾಲ್ಕು ಪಟ್ಟಾಗುತ್ತೆ. 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡ್ ಫೋನ್ ನೋಡಿದ್ರೆ ಕಾರು ಹತ್ತಿರ ಹತ್ತಿರ 17 ಮೀಟರ್ ದಾಟಿರುತ್ತೆ, ಬ್ರೇಕ್ ಮುಟ್ಟೋ ಮೊದಲೇ.

ಕೊನೆಗೆ ನಾನೇನು ಮಾಡಿದೆ ಹೇಳ್ತೀನಿ. ಒಂದು ಭಾನುವಾರ, ಮಳೆ ನಿಂತ ಮೇಲೆ, ಊರಾಚೆಯ ಖಾಲಿ ಮೈದಾನಕ್ಕೆ ಅಪ್ಪನನ್ನು ಕರ್ಕೊಂಡು ಹೋದೆ. ಸುತ್ತ ಯಾರೂ ಇಲ್ಲ ಅಂತ ನೋಡ್ಕೊಂಡು, ಸೀಟ್ ಬೆಲ್ಟ್ ಹಾಕಿ, ಸ್ಟಿಯರಿಂಗ್ ಅವರ ಕೈಗೆ ಕೊಟ್ಟೆ. "30ಕ್ಕೆ ಹೋಗಿ, ಒಂದೇ ಸಲ ಜೋರಾಗಿ ಒತ್ತಿ ಅಪ್ಪ" ಅಂದೆ. ಪೆಡಲ್ ನಡುಗಿತು, ಅಪ್ಪ ಕಾಲು ತೆಗೆದ್ರು. ಎರಡನೇ ಸಲವೂ ತೆಗೆದ್ರು. ಮೂವತ್ತು ವರ್ಷದ ಅಭ್ಯಾಸ, ಅಷ್ಟು ಬೇಗ ಹೋಗುತ್ತಾ? ಮೂರನೇ ಸಲ ಹಲ್ಲು ಕಚ್ಚಿ ಒತ್ತಿಯೇ ಹಿಡಿದ್ರು. ಕಾರು ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದ್ ಸಲ ನೋಡೋಣ" ಅಂದ್ರು.

ನೀವೂ ಒಮ್ಮೆ, ಯಾರೂ ಇಲ್ಲದ ಜಾಗದಲ್ಲಿ, ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ನಡುಕವನ್ನು ಪರಿಚಯ ಮಾಡ್ಕೊಳ್ಳಿ. ಎಮ್ಮೆ ಎದುರು ಬಂದಾಗ ಅದು ಹೊಸದಾಗಿರಬಾರದು. ಮನೆಯಲ್ಲಿ ಹೊಸದಾಗಿ ಕಾರು ಕಲೀತಿರೋರು ಇದ್ರೆ ಅವರಿಗೂ ಇದನ್ನ ಕಳಿಸಿ. ಮುಂದಿನ ವಾರ ಸಿಗೋಣ. ಹುಷಾರಾಗಿ ಹೋಗಿ ಬನ್ನಿ.