ಎರೆಹೊಲದ ಎರಡು ಚಿತ್ರಗಳು



ಕಣ್ಣಿಗೆ ಸಂಬಂಧಿಸಿದ ವಿಷಯವೊಂದನ್ನು ಕಿವಿಗೆ ಒಪ್ಪಿಸುವ ಕೆಲಸ ಈ ಸಂಜೆ ನನ್ನ ಪಾಲಿಗೆ ಬಂದಿದೆ. ಚಿತ್ರವನ್ನು ತೋರಿಸದೆಯೇ ಚಿತ್ರದ ಮಾತನ್ನಾಡಬೇಕಾಗಿದೆ. ಕೊರತೆಯನ್ನು ತಾವು ಕಲ್ಪನೆಯಿಂದ ತುಂಬಿಕೊಳ್ಳುವಿರೆಂದು ನಂಬಿದ್ದೇನೆ.

ನಿಸರ್ಗದ ಛಾಯಾಚಿತ್ರವನ್ನು ತೆಗೆಯುವವನು ಅದನ್ನು ಬಣ್ಣದಲ್ಲಿ ಇಡಬೇಕೇ, ಕಪ್ಪುಬಿಳುಪಿನಲ್ಲಿ ಇಡಬೇಕೇ ಎಂಬುದು ಪ್ರಶ್ನೆ. ಮೊದಮೊದಲು ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಫ್ರಾನ್ಸಿನ ಲೂಮಿಯೇರ್ ಸಹೋದರರು ೧೯೦೭ರಲ್ಲಿ ಮಾರಾಟಕ್ಕೆ ತಂದ ಗಾಜಿನ ಫಲಕಗಳಲ್ಲಿ, ಬಣ್ಣವೇರಿಸಿದ ಆಲೂಗಡ್ಡೆಯ ಪಿಷ್ಟದ ಕಣಗಳು ವರ್ಣವನ್ನು ಕೊಡುತ್ತಿದ್ದವು. ಅದು ಸಾಮಾನ್ಯರ ಕೈಗೆಟುಕುವ ಸಾಧನವಾಗಿರಲಿಲ್ಲ. ೧೯೩೫ರಲ್ಲಿ ಕೊಡಾಕ್ರೋಮ್ ಫಿಲ್ಮು ಬಂದಮೇಲೂ ಎಷ್ಟೋ ವರ್ಷ ಕಪ್ಪುಬಿಳುಪೇ ರೂಢಿಯಾಗಿತ್ತು. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ಸ್ಥಿತಿ ತಲೆಕೆಳಗಾಗಿದೆ: ಬಣ್ಣವು ಕೇಳದೆಯೇ ಬರುತ್ತದೆ, ಕಪ್ಪುಬಿಳುಪನ್ನು ಬೇಕೆಂದು ಆರಿಸಿಕೊಳ್ಳಬೇಕು. ಹಾಗೆ ಆರಿಸಿಕೊಂಡವನು ಕಾರಣವನ್ನು ಹೇಳಬೇಕಾಗಿ ಬರುತ್ತದೆ.

ಬಣ್ಣವು ಸುಲಭವಾದ ಕಾಲದಲ್ಲಿಯೂ ಅದನ್ನು ಒಲ್ಲೆನೆಂದ ಇಬ್ಬರು ಹಿರಿಯರಿಗೆ ನಮ್ಮ ನಾಡಿನ ಸಂಡೂರಿನೊಡನೆ ನಂಟಿದ್ದುದು ವಿಶೇಷ. ಒಬ್ಬರು ಮದರಾಸಿನ ಎಂ. ಕೃಷ್ಣನ್. ಇವರು ೧೯೪೨ರಲ್ಲಿ ಸಂಡೂರು ಸಂಸ್ಥಾನದ ಸೇವೆಗೆ ಬಂದು ಕೆಲವು ವರ್ಷ ಅಲ್ಲಿದ್ದರು. ಮುಂದೆ ವನ್ಯಜೀವಿಗಳ ವಿಷಯದಲ್ಲಿ ಬರೆಯುತ್ತ, ಚಿತ್ರಗಳನ್ನು ತೆಗೆಯುತ್ತ ೧೯೯೬ರಲ್ಲಿ ತೀರಿಕೊಳ್ಳುವವರೆಗೆ ಕಪ್ಪುಬಿಳುಪನ್ನೇ ನೆಚ್ಚಿದ್ದರು. ಇನ್ನೊಬ್ಬರು ಅದೇ ಸಂಡೂರಿನ ರಾಜವಂಶದ ಎಂ. ವೈ. ಘೋರ್ಪಡೆಯವರು. ರಾಜ್ಯದ ಹಣಕಾಸಿನ ಮಂತ್ರಿಪದವಿಯಲ್ಲಿದ್ದವರು ಎಂದು ಇವರನ್ನು ಬಲ್ಲವರು ಬಹಳ. ಬಿಸಿಲುನೆರಳುಗಳ ಹೆಸರನ್ನೇ ಹೊತ್ತ ಇವರ ವನ್ಯಜೀವಿಚಿತ್ರಗಳ ಪುಸ್ತಕವೊಂದು ೧೯೮೩ರಲ್ಲಿ ಹೊರಬಂದಿತೆಂದು ಬಲ್ಲವರು ಕಡಿಮೆ. ಆನೆಯನ್ನೇ ಎಣಿಸಿಕೊಳ್ಳಿರಿ. ಅದರ ಮೈಬಣ್ಣ ಮೊದಲೇ ಬೂದು. ಅದರ ಘನತೆಯಿರುವುದು ಗಾತ್ರದಲ್ಲಿ, ಸುಕ್ಕುಗಟ್ಟಿದ ಚರ್ಮದಲ್ಲಿ, ಹಣೆಯ ಮೇಲೆ ಬಿದ್ದ ಓರೆಬೆಳಕಿನಲ್ಲಿ. ಹಿಂದಿನ ಬಿದಿರುಮೆಳೆಯ ಹಸುರು ಅದಕ್ಕೆ ಏನನ್ನೂ ಕೂಡಿಸುವುದಿಲ್ಲ. ನೋಡುವವನ ಕಣ್ಣನ್ನು ಮಾತ್ರ ಆಚೆಗೆ ಸೆಳೆಯುತ್ತದೆ.

ಬಣ್ಣದ ಚಿತ್ರವೇ ಯಥಾರ್ಥವಾದುದಲ್ಲವೇ ಎಂದು ತಾವು ಕೇಳಬಹುದು. ಯಾರ ಕಣ್ಣಿಗೆ ಯಥಾರ್ಥ? ಮನುಷ್ಯನ ಕಣ್ಣಿನಲ್ಲಿ ಬಣ್ಣವನ್ನು ಅರಿಯುವ ಕೋಶಗಳು ಮೂರು ಬಗೆ, ಚಿಗರಿಯಂತಹ ಗೊರಸಿನ ಪ್ರಾಣಿಗಳಲ್ಲಿ ಎರಡೇ ಬಗೆ, ಹಗಲುಹಕ್ಕಿಗಳಲ್ಲಿ ನಾಲ್ಕು. ನಾವು ಕಾಣದ ಬಣ್ಣಗಳನ್ನು ಹಕ್ಕಿಯು ಕಾಣುತ್ತದೆ. ನಾವಾದರೂ ಬೆಳುದಿಂಗಳಲ್ಲಿ ಬಣ್ಣವನ್ನು ಕಾಣೆವು. ಆಗ ಹೊಲಗದ್ದೆಗಳೆಲ್ಲ ಕಪ್ಪುಬಿಳುಪೇ. ಆದುದರಿಂದ ಯಥಾರ್ಥವೆಂಬ ಒಂದೇ ತಕ್ಕಡಿಯಿಂದ ಈ ವ್ಯಾಜ್ಯ ತೀರತಕ್ಕುದಲ್ಲ.

ನನ್ನ ಮಟ್ಟಿಗೆ ಇದನ್ನು ಮನದಟ್ಟು ಮಾಡಿಕೊಟ್ಟವರು ಯಾವ ಪಂಡಿತರೂ ಅಲ್ಲ. ವಿಜಯಪುರ ಜಿಲ್ಲೆಯ ಜೈನಾಪುರದ ಕಡೆಯ ಒಬ್ಬ ವೃದ್ಧ ಒಕ್ಕಲಿಗರು. ೨೦೨೩ರಲ್ಲಿ ಮಳೆ ತಪ್ಪಿ, ಕರ್ನಾಟಕದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಿದ್ದುದು ತಮಗೆ ನೆನಪಿರಬಹುದು. ಮರುವರ್ಷದ ಏಪ್ರಿಲಿನಲ್ಲಿ ನಾನು ಅತ್ತ ಹೋಗಿದ್ದೆ. ಕಾಲುವೆಯ ನೀರು ತಲುಪದ ಹೊಲ. ಎರೆಮಣ್ಣಿನ ಗುಣ ತಿಳಿದಿರುವುದಷ್ಟೆ: ನೀರುಂಡರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಅಂಗೈ ತೂರುವಷ್ಟು ಬಿರುಕುಗಳು. ನಡುವೆ ಒಂದು ಬೇವಿನ ಮರ. ಸೂರ್ಯ ಮುಳುಗುವ ಹೊತ್ತು. ಚಿತ್ರವನ್ನು ತೆಗೆದೆನು. ಬಣ್ಣದಲ್ಲಿ ಅದು ಬಹು ರಮ್ಯವಾಗಿ ಬಂದಿತು. ಮುಗಿಲೆಲ್ಲ ಹೊನ್ನು, ಬಿರುಕಿನ ಅಂಚುಗಳಿಗೂ ಹೊನ್ನು. ನಾನು ಹಿಗ್ಗಿದೆನೆಂಬುದನ್ನು ಮುಚ್ಚಿಡಲಾರೆ. ಆಮೇಲೆ, ಅದೇ ಚಿತ್ರದ ಬಣ್ಣವನ್ನು ಕಳೆದು ಕಪ್ಪುಬಿಳುಪಿನ ಪ್ರತಿಯೊಂದನ್ನೂ ಮಾಡಿಟ್ಟೆನು.

ಮುಂದಿನ ಹಿಂಗಾರಿ ನೆಟ್ಟಗಾಯಿತು. ೨೦೨೫ರ ಜನವರಿಯಲ್ಲಿ ಅದೇ ಹೊಲದಲ್ಲಿ ಬಿಳಿಜೋಳ ತೆನೆಗಟ್ಟಿ ನಿಂತಿತ್ತು. ಜೋಳದ ನಡುವಣ ಅಕ್ಕಡಿ ಸಾಲುಗಳಲ್ಲಿ ಕುಸುಬೆ ಹೂಬಿಟ್ಟಿತ್ತು. ಅದನ್ನೂ ಎರಡು ಬಗೆಯಲ್ಲಿ ಅಚ್ಚುಮಾಡಿಸಿ, ನಾಲ್ಕು ಪ್ರತಿಗಳನ್ನೂ ಕೊಂಡೊಯ್ದು ಆ ಯಜಮಾನರ ಮುಂದೆ ಹರಡಿದೆನು.

ಬರದ ಬಣ್ಣದ ಚಿತ್ರವನ್ನು ಅವರು ಬಹಳ ಹೊತ್ತು ನೋಡಿದರು. "ಬರಗಾಲ ಇಷ್ಟು ಚಂದ ಇರತೈತೇನ್ರಿ?" ಎಂದು ಕೇಳಿದರು. ಮಾತಿನಲ್ಲಿ ಕುಹಕವಿರಲಿಲ್ಲ. ನನಗೆ ಉತ್ತರ ತೋಚಲಿಲ್ಲ. ಕಪ್ಪುಬಿಳುಪಿನದನ್ನು ಕೈಗೆತ್ತಿಕೊಂಡು ಬಿರುಕಿನ ಮೇಲೆ ಬೆರಳಿಟ್ಟು, "ಇಲ್ಲೇ ನೋಡ್ರಿ, ನಮ್ಮ ಎತ್ತಿನ ಕಾಲು ಸಿಕ್ಕಿದ್ದು" ಎಂದರು. ಹೊನ್ನಿನ ಮುಗಿಲು ಹೋದಮೇಲೆ ಅವರ ಕಣ್ಣು ನೆಲಕ್ಕೆ ಇಳಿದಿತ್ತು.

ಇದರಿಂದ ಕಪ್ಪುಬಿಳುಪೇ ಗೆದ್ದಿತೆಂದು ನಾನು ಎಣಿಸುವಷ್ಟರಲ್ಲಿ ಜೋಳದ ಹೊಲದ ಸರದಿ ಬಂದಿತು. ಕಪ್ಪುಬಿಳುಪಿನ ಪ್ರತಿಯನ್ನು ಹೊರಳಿಸಿ ಹೊರಳಿಸಿ ನೋಡಿ, "ಕುಸುಬಿ ಎಲ್ಲಿ ಹೋತ್ರಿ?" ಎಂದರು. ನಿಜವೇ! ಕುಸುಬೆಯ ಕೇಸರಿಯೂ ಜೋಳದ ಹಸುರೂ ಹೊಳಪಿನಲ್ಲಿ ಸರಿಸಮವಾಗಿದ್ದುದರಿಂದ ಒಂದೇ ಬೂದಾಗಿ ಬೆರೆತುಹೋಗಿದ್ದವು. ಎಲೆಗಳ ನಡುವಣ ದಾಳಿಂಬೆಹಣ್ಣಿಗೂ ಇದೇ ಗತಿ ಬರುವುದುಂಟು. ಫಿಲ್ಮಿನ ಕಾಲದಲ್ಲಿ ಮಸೂರದ ಮುಂದೆ ಕೆಂಪು ಗಾಜನ್ನಿಟ್ಟು ಕೆಂಪನ್ನು ಬೆಳ್ಳಗೆ, ಹಸುರನ್ನು ಕಪ್ಪಗೆ ಮಾಡುತ್ತಿದ್ದರು. ಇಂದು ಅದನ್ನೇ ಮೇಜಿನ ಮುಂದೆ ಕುಳಿತು, ಕೆಂಪು ಹಸುರು ನೀಲಿಗಳ ಪಾಲನ್ನು ಹೆಚ್ಚುಕಡಿಮೆ ಮಾಡಿ ಸಾಧಿಸಬಹುದು. ನಾನೂ ಹಾಗೆ ಮಾಡಿ ನೋಡಿದೆನು. ಹೂವು ಬೇರೆಯಾಗಿ ಎದ್ದಿತು, ಆದರೆ ಬಿಳಿಯ ಹೂವಾಗಿ ಎದ್ದಿತು. ಬಿಳಿಯ ಕುಸುಬೆಯನ್ನು ಆ ಯಜಮಾನರ ಮುಂದಿಡುವ ಧೈರ್ಯ ನನಗೆ ಬರಲಿಲ್ಲ.

ಆಯ್ಕೆಯನ್ನು ಮೇಜಿನವರೆಗೆ ಮುಂದೂಡಬಹುದೆಂಬುದು ಇಂದಿನ ಅನುಕೂಲ. ಅದೇ ಅಪಾಯವೂ ಹೌದು. ಬಣ್ಣಕ್ಕಾಗಿ ಕಾಯುವವನು ಒಂದು ಬೆಳಕನ್ನು ಕಾಯುತ್ತಾನೆ, ಆಕಾರಕ್ಕಾಗಿ ಕಾಯುವವನು ಇನ್ನೊಂದನ್ನು. ಮಧ್ಯಾಹ್ನದ ಕಡುಬಿಸಿಲು ಬಣ್ಣವನ್ನು ಬಿಳಿಚಿಸುತ್ತದೆ, ಆದರೆ ಬಿರುಕಿನೊಳಗಿನ ನೆರಳನ್ನು ಕತ್ತಿಯಂತೆ ಹರಿತಮಾಡುತ್ತದೆ. ನಾನು ಆ ದಿನ ಮಧ್ಯಾಹ್ನ ಮರದಡಿಯಲ್ಲಿ ಮಲಗಿದ್ದು ಸಂಜೆ ಎದ್ದವನು! ಎರೆನಾಡಿನಲ್ಲಿ ಚಿತ್ರ ತೆಗೆಯುವವರಿಗೆ ಇನ್ನೊಂದು ಮಾತು. ಕ್ಯಾಮೆರಾದ ಬೆಳಕಿನ ಮಾಪಕವು ತನಗೆ ಕಂಡದ್ದನ್ನೆಲ್ಲ ನಡುಬೂದೆಂದು ಭಾವಿಸುತ್ತದೆ. ಕರಿನೆಲವನ್ನು ಅದರ ಮಾತಿನಂತೆ ತೆಗೆದರೆ ಎರೆಯು ಬೂದಿಯಾಗಿ ಬೀಳುತ್ತದೆ, ಮೇಲೆ ನಿಂತ ಬೆಳ್ಳಕ್ಕಿ ಗರಿಯಿಲ್ಲದ ಬಿಳಿಯ ತೇಪೆಯಾಗುತ್ತದೆ. ಬೆಳಕನ್ನು ಒಂದು ಮೆಟ್ಟಿಲು ತಗ್ಗಿಸತಕ್ಕದ್ದು. ಎರಡು ಬಗೆಯ ಚಿತ್ರಕ್ಕೂ ಇದು ಒಂದೇ.

ನಾಲ್ಕು ಚಿತ್ರಗಳಲ್ಲಿ ಬೇಕಾದುದನ್ನು ಇಟ್ಟುಕೊಳ್ಳಿರೆಂದು ಯಜಮಾನರಿಗೆ ಹೇಳಿದೆನು. ಕುಸುಬೆಯ ಬಣ್ಣದ ಚಿತ್ರವನ್ನು ಪಡಸಾಲೆಯ ಗೋಡೆಗೆಂದು ಮೊಮ್ಮಗಳ ಕೈಗೆ ಕೊಟ್ಟರು. ಬರದ ಕಪ್ಪುಬಿಳುಪಿನ ಚಿತ್ರವನ್ನು ಮಾತ್ರ ಮತ್ತೊಮ್ಮೆ ನೋಡಿ ನನ್ನ ಕಡೆಗೇ ಸರಿಸಿದರು.

"ಇದನ್ನ ತಹಸೀಲದಾರ ಸಾಹೇಬ್ರಿಗಿ ತೋರಸ್ರಿ" ಎಂದರು.