ಒಪ್ಪಂದ ಎಲ್ಲಿದೆ?

ಇಂದು ಕಾನೂನು ಪದವಿ ಪಡೆಯುತ್ತಿರುವ ಮಿತ್ರರೇ,

ನಾನು ಸನದು ಪಡೆದ ಹೊಸದರಲ್ಲಿ ನನ್ನ ಹಿರಿಯ ವಕೀಲರು ಒಳಸಂಚಿನ ಪ್ರಕರಣವೊಂದರ ಚಾರ್ಜ್‌ಶೀಟನ್ನು ಮುಂದಿಟ್ಟರು. ದಾರ ಬಿಗಿದ ನಾಲ್ಕು ಕಟ್ಟು. "ನಮ್ಮ ಕಕ್ಷಿದಾರನ ಹೆಸರು ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳಿ" ಎಂದರು. ಮೂರು ರಾತ್ರಿ ಓದಿದೆ. ಗೆರೆ ಬಿದ್ದದ್ದು ಐದೇ ಕಡೆ. ಯಾರ ಕೋಣೆಗೆ ಹೋಗಿದ್ದ, ಯಾರ ಜೊತೆ ಊಟ ಮಾಡಿದ್ದ, ಇಷ್ಟೇ. ಹಿರಿಯರು ಕೇಳಿದರು: "ಸರಿ, ಇದರಲ್ಲಿ ಒಪ್ಪಂದ ಎಲ್ಲಿದೆ?"

ಆ ಪ್ರಶ್ನೆಯನ್ನು ಇಂದು ನಿಮಗೆ ಒಪ್ಪಿಸಲು ಬಂದಿದ್ದೇನೆ.

ಕಳ್ಳತನಕ್ಕೆ ಕದ್ದ ಮಾಲು ಇರುತ್ತದೆ, ಕೊಲೆಗೆ ಹೆಣ ಇರುತ್ತದೆ. ಪ್ರಭುತ್ವದ ವಿರುದ್ಧದ ಒಳಸಂಚಿಗೆ ಅಂಥ ಕುರುಹು ಬೇಕಿಲ್ಲ. 1870ರಲ್ಲಿ ದಂಡ ಸಂಹಿತೆಗೆ ಸೇರಿದ 121ಎ ಕಲಂ ಇಂದು ಭಾರತೀಯ ನ್ಯಾಯ ಸಂಹಿತೆಯ 148ನೇ ಕಲಮಾಗಿ ಉಳಿದಿದೆ. ದೇಶದ ಮೇಲೆ ಯುದ್ಧ ಹೂಡಲು, ಇಲ್ಲವೇ ಬಲ ತೋರಿಸಿ ಸರ್ಕಾರವನ್ನು ಮಣಿಸಲು ಕೂಡಿ ಒಪ್ಪಿದರೆ ಸಾಕು. ಕೃತ್ಯ ನಡೆದಿರಬೇಕಿಲ್ಲ ಎಂದು ಅದರ ವಿವರಣೆಯೇ ಹೇಳುತ್ತದೆ. ಜೀವಾವಧಿವರೆಗೂ ಶಿಕ್ಷೆ ಉಂಟು. ಇಂಥ ಕಾನೂನು ಬೇಡವೆಂದು ನಾನು ಹೇಳಲಾರೆ. ಮದ್ದು ಸಿಡಿಯುವ ತನಕ ಪೊಲೀಸರು ಕಾದು ಕೂರುವಂತಿಲ್ಲ. ಆದರೆ ಕೃತ್ಯವಿಲ್ಲದ ಕಡೆ ಊಹೆ ಬಂದು ಸಾಕ್ಷ್ಯದ ಜಾಗದಲ್ಲಿ ಕೂರುವುದು ಸುಲಭ.

ಮೀರತ್ ಮೊಕದ್ದಮೆಯನ್ನು ನೋಡಿ. 1929ರ ಮಾರ್ಚ್ 20ರಂದು ದೇಶದ ನಾನಾ ಊರುಗಳಲ್ಲಿ ಕಾರ್ಮಿಕ ಮುಖಂಡರ ಬಂಧನವಾಯಿತು. ಚಕ್ರವರ್ತಿಯ ಸಾರ್ವಭೌಮತ್ವವನ್ನು ಕಿತ್ತುಕೊಳ್ಳಲು ಸಂಚು ಹೂಡಿದರು ಎಂಬುದು ಆರೋಪ. ಮುಂಬಯಿಯಲ್ಲೋ ಕಲ್ಕತ್ತೆಯಲ್ಲೋ ವಿಚಾರಣೆ ನಡೆದಿದ್ದರೆ ಜ್ಯೂರಿ ಇರುತ್ತಿತ್ತು, ಮೀರತ್‌ನಲ್ಲಿ ಅದಿರಲಿಲ್ಲ. ಯಾರೂ ಬಾಂಬು ಎಸೆದಿರಲಿಲ್ಲ. ಪತ್ರ, ಪುಸ್ತಕ, ಕರಪತ್ರ, ಭಾಷಣಗಳೇ ಸಾಕ್ಷ್ಯದ ರಾಶಿಯಾದವು. ಸೆಷನ್ಸ್ ತೀರ್ಪು ಬಂದದ್ದು 1933ರ ಜನವರಿಯಲ್ಲಿ: 27 ಮಂದಿಗೆ ಶಿಕ್ಷೆ, ಮುಜಫ್ಫರ್ ಅಹ್ಮದ್ ಅವರಿಗೆ ಜೀವಾವಧಿ ಗಡೀಪಾರು. ಅದೇ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟು ಹಲವರನ್ನು ಬಿಡುಗಡೆ ಮಾಡಿತು. ಅಹ್ಮದರ ಶಿಕ್ಷೆಯನ್ನು ಮೂರು ವರ್ಷಕ್ಕೆ ಇಳಿಸಿತು. ಬಿಡುಗಡೆಯಾದವರು ಅಷ್ಟರಲ್ಲಿ ಕಳೆದುಕೊಂಡಿದ್ದ ನಾಲ್ಕು ವರ್ಷವನ್ನು ಮರಳಿಸುವ ಆದೇಶ ಯಾವ ಕೋರ್ಟಿನಲ್ಲೂ ಇಲ್ಲ.

ಆ ಆರೋಪಿಗಳಲ್ಲಿ ಮೂವರು ಇಂಗ್ಲಿಷರು. ಒಬ್ಬರು ಫಿಲಿಪ್ ಸ್ಪ್ರಾಟ್. ಸೆರೆಯಲ್ಲಿ ಓದುತ್ತ, ಹೊರಗೆ ಬಂದು ಯೋಚಿಸುತ್ತ ಅವರು ಕಮ್ಯುನಿಸಂ ತೊರೆದರು. ಇದೇ ಬೆಂಗಳೂರಿನಲ್ಲಿ ನೆಲೆಸಿ 'ಮೈಸ್‌ಇಂಡಿಯಾ' ವಾರಪತ್ರಿಕೆಯ ಸಂಪಾದಕರಾದರು, ತಮ್ಮ ಹಳೆಯ ನಂಬಿಕೆಯ ಕಟುವಿಮರ್ಶಕರಾದರು. ಮನುಷ್ಯನ ಅಭಿಪ್ರಾಯ ಬದಲಾಗುತ್ತದೆ, ಬದಲಾಗಲು ಅದಕ್ಕೆ ಬಿಡುವೂ ಬೇಕು. ಕಾನೂನು ಹಿಡಿಯಬೇಕಾದದ್ದು ಬಲಪ್ರಯೋಗಕ್ಕೆ ಕೊಟ್ಟ ಒಪ್ಪಿಗೆಯನ್ನು, ತಲೆಯೊಳಗಿನ ವಿಚಾರವನ್ನಲ್ಲ.

ಇನ್ನೊಂದು ಎಚ್ಚರ. ಸಾಕ್ಷ್ಯ ಅಧಿನಿಯಮದ 8ನೇ ಕಲಂ ಪ್ರಕಾರ ಸಂಚುಗಾರನೊಬ್ಬ ಸಂಚಿನ ವಿಷಯವಾಗಿ ಆಡಿದ ಮಾತು ಉಳಿದವರ ಮೇಲೂ ಸಾಕ್ಷ್ಯವಾಗುತ್ತದೆ. ಆದರೆ ಅವರೆಲ್ಲ ಕೂಡಿ ಸಂಚು ಹೂಡಿದ್ದರೆಂದು ನಂಬಲು ಸಮಂಜಸ ಆಧಾರ ಮೊದಲು ಇರಬೇಕು. ಆ ಹೊಸ್ತಿಲನ್ನು ದಾಟದೆ ಒಳಗೆ ಬಂದ ಮಾತನ್ನು ಹೊರಗೇ ನಿಲ್ಲಿಸಿ. ರಾಜೀವ್ ಗಾಂಧಿ ಹತ್ಯೆ ಪ್ರಕರಣದಲ್ಲಿ ವಿಚಾರಣಾ ನ್ಯಾಯಾಲಯ 26 ಮಂದಿಗೂ ಮರಣದಂಡನೆ ವಿಧಿಸಿತ್ತು. 1999ರಲ್ಲಿ ಸುಪ್ರೀಂ ಕೋರ್ಟು ಒಬ್ಬೊಬ್ಬರ ಪಾತ್ರವನ್ನೂ ಬೇರೆ ಬೇರೆಯಾಗಿ ತೂಗಿತು. ಗಲ್ಲು ಉಳಿದದ್ದು ನಾಲ್ವರಿಗೆ. ಇಡೀ ದೇಶ ಸಂಕಟಪಟ್ಟ ಪ್ರಕರಣದಲ್ಲೂ ಆ ತಾಳ್ಮೆ ಸಾಧ್ಯವಾಯಿತು.

ನಿಮ್ಮಲ್ಲಿ ಕೆಲವರು ಸರ್ಕಾರದ ಪರ ನಿಲ್ಲುತ್ತೀರಿ, ಕೆಲವರು ಆರೋಪಿಯ ಪರ, ಒಂದಿಬ್ಬರು ಪೀಠದ ಮೇಲೆ ಕೂರುತ್ತೀರಿ. ದೊಡ್ಡ ಕಟ್ಟಿನ ಪ್ರಕರಣ ಬಂದ ದಿನ ಹೊರಗೆ ಕೂಗು ಜೋರಾಗಿರುತ್ತದೆ. ಆಗ ಬಾಗಿಲು ಹಾಕಿಕೊಂಡು ದಾರ ಬಿಚ್ಚಿ. ಕೊನೆಯ ಆರೋಪಿಯ ಹೆಸರಿನಿಂದ ಓದಲು ಶುರುಮಾಡಿ. ಕೈಯಲ್ಲಿ ಪೆನ್ಸಿಲ್ ಇರಲಿ.